ಹೊಟ್ಟೆ ತುಂಬಿದ ಕೂಸಿಗೂ ಕೊರತೆ ಇರುತ್ತದೆ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಬೇಕಾದ ಪಾಠ: ಎಳೆಯ ಮಕ್ಕಳಲ್ಲಿ ಜೀವಸತ್ವ ಹಾಗೂ ಖನಿಜಾಂಶಗಳ ಕೊರತೆ)



ನಮ್ಮ ಸಂಘಗಳ ಸಭೆಯಲ್ಲಿ ಉಳಿತಾಯ ಎಷ್ಟಾಯಿತು, ಸಾಲದ ಕಂತು ಯಾರದು ಬಾಕಿ ಇದೆ, ಬ್ಯಾಂಕಿಗೆ ಯಾರು ಹೋಗಬೇಕು ಎಂಬ ಲೆಕ್ಕಗಳನ್ನು ನಾವು ತಪ್ಪದೆ ನೋಡುತ್ತೇವೆ. ಈ ಸಲ ಇನ್ನೊಂದು ಲೆಕ್ಕ ನೋಡೋಣ. ಅದು ನಮ್ಮ ಮಕ್ಕಳ ಮೈಯೊಳಗಿನ ಉಳಿತಾಯದ ಲೆಕ್ಕ. ಈ ಖಾತೆಯಲ್ಲಿ ಹಣ ಖಾಲಿಯಾದರೆ ನೋಟಿಸು ಬರುವುದಿಲ್ಲ. ತಾಯಿಗೆ ಗೊತ್ತಾಗುವ ಹೊತ್ತಿಗೆ ಬಹಳ ನಷ್ಟ ಆಗಿಹೋಗಿರುತ್ತದೆ.

ಮಿರ್ಲೆ ಸುತ್ತಮುತ್ತ ನಾಲೆ ನೀರು ಇದೆ, ಭತ್ತ ಬೆಳೆಯುತ್ತದೆ. ಅನ್ನ ಇಲ್ಲದ ಮನೆ ಕಡಿಮೆ. ಹಾಗಾದರೆ ಕೊರತೆ ಎಲ್ಲಿಂದ ಬಂತು? ತಾಯಂದಿರು ಹೇಳುವ ಮಾತು ಇದು: "ಮಗ ಹೊಟ್ಟೆ ತುಂಬಾ ಅನ್ನ ತಿಂತದೆ, ಹಾಲು ಕುಡೀತದೆ, ಆದ್ರೂ ಏಳ್ಗೆನೇ ಇಲ್ಲ. ಯಾವಾಗ್ಲೂ ಮಂಕಾಗಿ ಕೂತಿರ್ತದೆ, ಮಣ್ಣು ತಿಂತದೆ." ಈ ಮಾತಿನಲ್ಲೇ ಉತ್ತರವೂ ಇದೆ. ಹೊಟ್ಟೆ ತುಂಬಿಸುವ ಆಹಾರ ಬೇರೆ, ರಕ್ತ, ಮೂಳೆ, ಕಣ್ಣು, ಮಿದುಳು ಬೆಳೆಸುವ ಆಹಾರ ಬೇರೆ. ಹೊಟ್ಟೆ ತುಂಬಿದ್ದರೂ ಇರುವ ಈ ಕೊರತೆಯನ್ನು ತಿಳಿದವರು 'ಮರೆಯ ಹಸಿವು' ಎನ್ನುತ್ತಾರೆ. ಹಸಿವಾದ ಮಗು ಅಳುತ್ತದೆ, ಆದರೆ ಕಬ್ಬಿಣಾಂಶ ಕಡಿಮೆಯಾದ ಮಗು ಸುಮ್ಮನೆ ಕೂರುತ್ತದೆ. ನಾವು ಅದನ್ನು "ಬಲು ಸಾಧು ಮಗ, ರಗಳೆನೇ ಮಾಡಲ್ಲ" ಅಂದುಕೊಳ್ಳುತ್ತೇವೆ.

ಪರಿಸ್ಥಿತಿ ಎಷ್ಟು ಗಂಭೀರ?

ಸರ್ಕಾರ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ರಕ್ತ ಪರೀಕ್ಷೆ ಮಾಡುತ್ತಿದ್ದರು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. 2015-16ರಲ್ಲಿ ಕರ್ನಾಟಕದ 100 ಮಕ್ಕಳಲ್ಲಿ ಸುಮಾರು 61 ಮಕ್ಕಳಿಗೆ ರಕ್ತಹೀನತೆ ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಕಡಿಮೆಯಾಗಲಿಲ್ಲ, 65ನ್ನು ದಾಟಿತು. ಅದೇ ಸಮೀಕ್ಷೆಯ ಪ್ರಕಾರ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಮ್ಮ ರಾಜ್ಯದ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ 1 ವರ್ಷದಿಂದ 2 ವರ್ಷದ ಸುಮಾರು 400 ಮಕ್ಕಳನ್ನು ಪರೀಕ್ಷಿಸಿದರು. ನಾಲ್ಕರಲ್ಲಿ ಮೂರು ಮಕ್ಕಳಿಗೆ ರಕ್ತಹೀನತೆ ಇತ್ತು. ತಾಯಿಗೆ ರಕ್ತ ಕಡಿಮೆ ಇದ್ದ ಕಡೆ ಮಗುವಿಗೂ ಕಡಿಮೆ ಇತ್ತು. ಅಂದರೆ ಈ ಕೊರತೆ ಶುರುವಾಗುವುದು ಮಗು ಹುಟ್ಟುವ ಮೊದಲೇ, ತಾಯಿಯ ತಟ್ಟೆಯಲ್ಲಿ.

ಜೀವಸತ್ವ, ಖನಿಜಾಂಶ ಅಂದರೆ ಏನು?

ಸಾರಿಗೆ ಉಪ್ಪು ಹಾಕುವುದು ಚಿಟಿಕೆಯಷ್ಟು. ಆದರೆ ಅದಿಲ್ಲದೆ ಸಾರು ಸಾರೇ ಅಲ್ಲ. ಹಾಗೆಯೇ ವಿಟಮಿನ್ ಎ, ಬಿ, ಸಿ, ಡಿ ಮೊದಲಾದ ಜೀವಸತ್ವಗಳು, ಕಬ್ಬಿಣ, ಅಯೋಡಿನ್, ಸತು (ಜಿಂಕ್), ಸುಣ್ಣದಂಶ (ಕ್ಯಾಲ್ಸಿಯಂ) ಮೊದಲಾದ ಖನಿಜಗಳು ಬಹಳ ಸ್ವಲ್ಪ ಪ್ರಮಾಣದಲ್ಲಿ ಬೇಕು. ಆದರೆ ದಿನವೂ ಬೇಕು. ಖನಿಜಗಳನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು. ಜೀವಸತ್ವಗಳಲ್ಲಿ ಡಿ ಮಾತ್ರ ಬಿಸಿಲಿನಿಂದ ಚರ್ಮದಲ್ಲಿ ಆಗುತ್ತದೆ, ಉಳಿದವು ಹೆಚ್ಚಾಗಿ ಊಟದಿಂದಲೇ ಬರಬೇಕು.

ಮೊದಲ ಎರಡು ವರ್ಷದಲ್ಲಿ ಮಗುವಿನ ಮಿದುಳು ಬೆಳೆಯುವಷ್ಟು ವೇಗವಾಗಿ ಮುಂದೆ ಯಾವತ್ತೂ ಬೆಳೆಯುವುದಿಲ್ಲ. ಆ ಹೊತ್ತಿನಲ್ಲಿ ಕೊರತೆ ಬಿದ್ದರೆ ಮುಂದೆ ಶಾಲೆಯಲ್ಲಿ ಗಮನ, ನೆನಪು, ಕಲಿಕೆ ಎಲ್ಲದರಲ್ಲೂ ಮಗು ಹಿಂದೆ ಬೀಳಬಹುದು. ನಾಟಿ ಕಾಲ ತಪ್ಪಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಪೈರು ಸರಿಯಾಗಿ ಬರಲ್ಲ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು.

1. ಕಬ್ಬಿಣಾಂಶ

ಮಗು ಹುಟ್ಟುವಾಗ ತಾಯಿಯಿಂದ ಕಬ್ಬಿಣಾಂಶದ ಒಂದು ಗಂಟು ತಂದಿರುತ್ತದೆ. ಅದು ಸುಮಾರು 6 ತಿಂಗಳವರೆಗೆ ಸಾಕಾಗುತ್ತದೆ. ತಾಯಿಗೇ ರಕ್ತ ಕಡಿಮೆ ಇದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾದರೆ, ಹುಟ್ಟಿದಾಗ ತೂಕ ಕಡಿಮೆ ಇದ್ದರೆ ಆ ಗಂಟು ಇನ್ನೂ ಬೇಗ ಖಾಲಿ. ತಾಯಿ ಹಾಲಿಗೆ ಸಮಾನವಾದದ್ದು ಯಾವುದೂ ಇಲ್ಲ. ಮೊದಲ 6 ತಿಂಗಳು ಅದೊಂದೇ ಸಾಕು, ನೀರೂ ಬೇಡ. ಆದರೆ 6 ತಿಂಗಳು ತುಂಬಿದ ಮೇಲೆ ಎದೆಹಾಲಿನ ಕಬ್ಬಿಣಾಂಶ ಸಾಕಾಗುವುದಿಲ್ಲ. ಎದೆಹಾಲು ಬಿಡಿಸದೆ, ಜೊತೆಗೆ ಮೇಲಾಹಾರ ಶುರು ಮಾಡಲೇಬೇಕು. ನಮ್ಮ ಕಡೆ ತಪ್ಪುವುದು ಇಲ್ಲೇ. 8, 9 ತಿಂಗಳಾದರೂ "ಇನ್ನೂ ಹಲ್ಲು ಬಂದಿಲ್ಲ" ಅಂತ ಬರೀ ಹಾಲು, ಇಲ್ಲವೇ ತಿಳಿಯಾದ ಅನ್ನದ ಗಂಜಿ.

ಗುರುತುಗಳು: ಅಂಗೈ, ನಾಲಿಗೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಆಟ ಬೇಡವಾಗಿ ಮಂಕಾಗುವುದು, ಸಿಡಿಮಿಡಿ, ಊಟ ಸೇರದಿರುವುದು, ಮಣ್ಣು, ಗೋಡೆಯ ಸುಣ್ಣ ತಿನ್ನುವುದು. ನೆನಪಿಡಿ, ಬಿಳಿಚಿಕೊಂಡದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಕೊರತೆ ಹಳೆಯದಾಗಿರುತ್ತದೆ.

ಏನು ಕೊಡಬೇಕು: ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಹೊನಗೊನೆ, ಅಣ್ಣೆ, ಕಿರಕಸಾಲೆ ಇವೆಲ್ಲ ನಮ್ಮ ಹೊಲ ಗದ್ದೆಯ ಬದುವಿನಲ್ಲೇ ಸಿಗುತ್ತವೆ. ಹೆಸರುಕಾಳು, ಹುರುಳಿ, ಅಲಸಂದೆ, ಅವರೆಕಾಳನ್ನು ಚೆನ್ನಾಗಿ ಬೇಯಿಸಿ, ಕಿವುಚಿ ಕೊಡಿ. ಬಸ್ಸಾರು ಮಾಡುವಾಗ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುತ್ತೇವಲ್ಲ, ಅದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಆದರೆ ಮಗುವಿಗೆ ಬರೀ ಸಾರಿನ ನೀರಲ್ಲ, ಒಳಗಿನ ಸೊಪ್ಪು, ಕಾಳು ಕಿವುಚಿ ಕೊಡಬೇಕು. ಖಾರ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಡಿ. ಮಾಂಸಾಹಾರ ಮಾಡುವ ಮನೆಯವರು ಮೊಟ್ಟೆ, ಮೀನು, ಚೆನ್ನಾಗಿ ಬೇಯಿಸಿದ ಈಲಿ (ಲಿವರ್) ಸ್ವಲ್ಪ ಸ್ವಲ್ಪ ಕೊಡಿ. ಮಾಂಸದ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಭಾನುವಾರ ಬಾಡು ಮಾಡಿದಾಗ ಗಂಡಸರಿಗೆ ಬಡಿಸುವ ಮೊದಲು ಕೂಸಿನ ತುತ್ತು ಎತ್ತಿಡಿ.

ಹುಳಿ ಕೂಡಿಸಿ, ಟೀ ಬಿಡಿಸಿ: ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ವಿಟಮಿನ್ ಸಿ ಬೇಕು. ನಿಂಬೆಹಣ್ಣು ಹಿಂಡಿ, ಇಲ್ಲವೇ ನೆಲ್ಲಿಕಾಯಿ, ಸೀಬೆಹಣ್ಣು, ಟೊಮೆಟೊ ಜೊತೆಗಿರಲಿ. ಟೀ, ಕಾಫಿ ಇದಕ್ಕೆ ಶತ್ರು, ಊಟದ ಕಬ್ಬಿಣಾಂಶವನ್ನು ಹಿಡಿದುಕೊಂಡು ಹೊರಗೆ ಕಳಿಸಿಬಿಡುತ್ತವೆ. ಬೆಳಿಗ್ಗೆ ಕೂಲಿಗೆ ಹೋಗುವ ಆತುರದಲ್ಲಿ ಮಗುವಿಗೆ ಟೀಯಲ್ಲಿ ಬನ್ನು ಅದ್ದಿ ಕೊಡುವ ಅಭ್ಯಾಸವನ್ನು ಇಂದೇ ನಿಲ್ಲಿಸಬೇಕು. ಹಸುವಿನ ಹಾಲಿನಲ್ಲೂ ಕಬ್ಬಿಣಾಂಶ ಬಹಳ ಕಡಿಮೆ. ಒಂದು ವರ್ಷದೊಳಗೆ ಎದೆಹಾಲಿನ ಬದಲು ಅದನ್ನು ಕೊಡಬೇಡಿ. ಆಮೇಲೂ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿದರೆ ಮಗು ಊಟ ಬಿಡುತ್ತದೆ.

ಸರ್ಕಾರದ ಸಿರಪ್: 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಕಬ್ಬಿಣಾಂಶದ ಸಿರಪ್ ಉಚಿತ. ವಾರಕ್ಕೆ ಎರಡು ದಿನ, ಒಂದು ಸಲಕ್ಕೆ 1 ಮಿ.ಲೀ. ಆಶಾ ಕಾರ್ಯಕರ್ತೆ ಬಾಟಲಿ ಕೊಡುತ್ತಾರೆ. ಊಟವಾದ ಮೇಲೆ ಕೊಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಸಹಜ. ಜ್ವರ, ಭೇದಿ ಇರುವಾಗ ಕೊಡಬೇಡಿ, ವಾಸಿಯಾದ ಮೇಲೆ ಮುಂದುವರಿಸಿ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ವೈದ್ಯರು ಹೇಳದೆ ಕೊಡಬಾರದು. ಬಾಟಲಿ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ, ಒಂದೇ ಸಲ ಹೆಚ್ಚು ಕುಡಿದರೆ ಪ್ರಾಣಕ್ಕೇ ಅಪಾಯ. ಒಂದು ವರ್ಷ ದಾಟಿದ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ. ಹುಳು ಹೀರುತ್ತಿದ್ದರೆ ಎಷ್ಟು ಸೊಪ್ಪು ತಿಂದರೂ ತೂತಿನ ಮಡಕೆಗೆ ನೀರು ಹುಯ್ದ ಹಾಗೆ.

ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ: ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳ ಸಂಘದವರು ಇದನ್ನು ಗಮನಿಸಿ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳಲ್ಲಿ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಕಂಡುಬರುತ್ತದೆ. ಇದು ಹುಟ್ಟಿನಿಂದ ಬರುವ ಕಾಯಿಲೆ, ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ. ಮಗುವಿಗೆ ಪದೇ ಪದೇ ಕೈಕಾಲು ನೋವು, ಊತ, ಕಣ್ಣು ಹಳದಿಯಾಗುವುದು ಇದ್ದರೆ ಸಿಕಲ್ ಸೆಲ್ ಪರೀಕ್ಷೆ ಮಾಡಿಸಬೇಕು. 2023ರ ಜುಲೈನಿಂದ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಅಭಿಯಾನ ನಡೆದಿದೆ. ಅಂಥ ಮಗುವಿಗೆ ಸಿರಪ್ ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು.

2. ವಿಟಮಿನ್ ಎ

ಇದು ಕಣ್ಣಿನ ಕಾವಲು, ಸೋಂಕಿನ ವಿರುದ್ಧವೂ ಕಾವಲು. ಕೊರತೆಯಾದ ಮಗು ಹೊತ್ತು ಮುಳುಗಿದ ಮೇಲೆ ತಡವರಿಸುತ್ತದೆ, ತಟ್ಟೆ ಹುಡುಕಾಡುತ್ತದೆ, ಹೊಸ್ತಿಲು ಎಡವುತ್ತದೆ. ಇದೇ ಇರುಳುಗುರುಡು. ಆಮೇಲೆ ಕಣ್ಣಿನ ಬಿಳಿಭಾಗ ಒಣಗಿ ಸೋಪಿನ ನೊರೆಯಂಥ ಚುಕ್ಕೆ ಕಾಣುತ್ತದೆ. ಆಗಲೂ ಸುಮ್ಮನಿದ್ದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಕರಗಿ ಶಾಶ್ವತವಾಗಿ ದೃಷ್ಟಿ ಹೋಗಬಹುದು. ದಡಾರ ಬಂದ ಮಗುವಿಗೆ ಈ ಅಪಾಯ ಹೆಚ್ಚು.

ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕೊಡುವ ಕಾರ್ಯಕ್ರಮವಿದೆ. 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆ ಮೊದಲ ಡೋಸು (1 ಮಿ.ಲೀ.). ಆಮೇಲೆ ಒಂದೂವರೆ ವರ್ಷದಿಂದ 5 ವರ್ಷದವರೆಗೆ 6 ತಿಂಗಳಿಗೊಮ್ಮೆ (2 ಮಿ.ಲೀ.). ಒಟ್ಟು 9 ಡೋಸು. ಮೊದಲ ಡೋಸು ಲಸಿಕೆಯ ಜೊತೆ ಸಿಕ್ಕಿಬಿಡುತ್ತದೆ. ಲಸಿಕೆ ಮುಗಿದ ಮೇಲಿನ ಡೋಸುಗಳು ಮರೆತುಹೋಗುತ್ತವೆ. ತಾಯಿ ಕಾರ್ಡ್ ತೆಗೆದು ನಿಮ್ಮ ಮಗುವಿಗೆ ಎಷ್ಟು ಆಗಿದೆ ನೋಡಿ. ಡೋಸು ಆರೋಗ್ಯ ಸಿಬ್ಬಂದಿಯಿಂದಲೇ ಆಗಬೇಕು. ಇಲ್ಲಿ ಕೊಟ್ಟದ್ದನ್ನೇ ಅಲ್ಲಿಯೂ ಕೊಡಿಸಬಾರದು.

ಊಟದಲ್ಲಿ ಪರಂಗಿಹಣ್ಣು, ಮಾವಿನಹಣ್ಣು, ಸಿಹಿಕುಂಬಳ, ಕ್ಯಾರೆಟ್, ಎಲ್ಲ ಬಗೆಯ ಹಸಿರು ಸೊಪ್ಪು, ಮೊಟ್ಟೆಯ ಹಳದಿ ಇರಲಿ. ಈ ಜೀವಸತ್ವ ಕೊಬ್ಬಿನ ಜೊತೆಗೇ ಮೈಗೆ ಹತ್ತುವುದರಿಂದ ಮಗುವಿನ ಸೊಪ್ಪಿಗೆ ಅರ್ಧ ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿ.

3. ಅಯೋಡಿನ್

ಗರ್ಭಿಣಿಗೆ ಅಯೋಡಿನ್ ಕಡಿಮೆಯಾದರೆ ಮಗುವಿನ ಮಿದುಳಿಗೆ ಹೊಟ್ಟೆಯೊಳಗೇ ಪೆಟ್ಟು ಬೀಳುತ್ತದೆ. ಗಳಗಂಡ ಮಾತ್ರವಲ್ಲ, ಕಿವುಡು, ಬುದ್ಧಿಮಾಂದ್ಯತೆಗೂ ಇದು ಕಾರಣವಾಗಬಹುದು. ಪರಿಹಾರ ಬಹಳ ಅಗ್ಗ: ಅಯೋಡಿನ್ ಇರುವ ಉಪ್ಪು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು 2006ರಲ್ಲಿ ನಿಷೇಧಿಸಲಾಗಿದೆ. ಆದರೂ ಬಿಡಿಯಾಗಿ ಅಳೆದು ಕೊಡುವ ಕಲ್ಲುಪ್ಪಿನಲ್ಲಿ ಅಯೋಡಿನ್ ಇಲ್ಲದೇ ಇರಬಹುದು. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ. ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಒಂದು ವರ್ಷದೊಳಗಿನ ಮಗುವಿನ ಊಟಕ್ಕೆ ಬೇರೆಯಾಗಿ ಉಪ್ಪು ಬೇಡ. ಎದೆಹಾಲುಣಿಸುವ ತಾಯಿ ಈ ಉಪ್ಪು ತಿಂದರೆ ಹಾಲಿನಲ್ಲೂ ಮಗುವಿಗೆ ಅಯೋಡಿನ್ ಹೋಗುತ್ತದೆ.

4. ಸತು ಅಥವಾ ಜಿಂಕ್

ಭೇದಿಯಾದಾಗ ಮಗುವಿನ ಮೈಯಿಂದ ಜಿಂಕ್ ಹೊರಟುಹೋಗುತ್ತದೆ, ಜಿಂಕ್ ಕಡಿಮೆಯಾದ ಮಗುವಿಗೆ ಮತ್ತೆ ಭೇದಿಯಾಗುತ್ತದೆ. ಹೀಗೆ ಒಂದರ ಹಿಂದೆ ಒಂದು. ಅದಕ್ಕೇ ಭೇದಿಗೆ ಎರಡು ಮದ್ದು ಒಟ್ಟಿಗೆ: ಓಆರ್‌ಎಸ್ ನೀರು ಮತ್ತು 14 ದಿನ ಜಿಂಕ್ ಮಾತ್ರೆ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., 2 ರಿಂದ 6 ತಿಂಗಳ ಕೂಸಿಗೆ 10 ಮಿ.ಗ್ರಾಂ. ಮಾತ್ರೆಯನ್ನು ಚಮಚದಲ್ಲಿ ಎದೆಹಾಲು ಅಥವಾ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕೊಡಬೇಕು. "ಮೂರು ದಿನಕ್ಕೇ ನಿಂತೋಯ್ತು" ಅಂತ ಮಾತ್ರೆ ಬಿಡಬೇಡಿ, ಪೂರ್ತಿ 14 ದಿನ ಕೊಡಿ. ಭೇದಿ ಇದೆ ಎಂದು ಎದೆಹಾಲು, ಊಟ ನಿಲ್ಲಿಸುವುದೂ ತಪ್ಪು.

5. ವಿಟಮಿನ್ ಡಿ, ಸುಣ್ಣದಂಶ ಮತ್ತು ನಮ್ಮ ರಾಗಿ

ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕು, ಅದು ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಕೊರತೆಯಾದರೆ ಕಾಲು ಬಾಗುತ್ತದೆ, ನಡಿಗೆ ತಡವಾಗುತ್ತದೆ. ಕೂಸನ್ನು ಕತ್ತಲೆ ಕೋಣೆಯಲ್ಲಿ ಸುತ್ತಿಟ್ಟುಕೊಳ್ಳದೆ ದಿನಾ ಸ್ವಲ್ಪ ಹೊತ್ತು ಹದವಾದ ಬಿಸಿಲು ತಾಗಿಸಿ. ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ ಇರುವುದರಿಂದ ಮೊದಲ ವರ್ಷ ಹನಿ ಔಷಧಿ ಕೊಡಲು ಮಕ್ಕಳ ವೈದ್ಯರು ಸಲಹೆ ಮಾಡುತ್ತಾರೆ, ಕೇಳಿ ಕೊಡಿಸಿ.

ಸುಣ್ಣದಂಶಕ್ಕೆ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ. ಆಸುಪಾಸು. ಕಬ್ಬಿಣಾಂಶವೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ನೀರಾವರಿ ಬಂದ ಕಡೆ ಮುದ್ದೆ ಕಡಿಮೆಯಾಗಿ ಅನ್ನ ಹೆಚ್ಚಾಯಿತು. "ಮಗೀಗೆ ರಾಗಿ ಕೊಟ್ರೆ ಕಪ್ಪಗಾಯ್ತದೆ" ಎಂಬ ಮಾತೂ ಇದೆ. ರಾಗಿಯಿಂದ ಯಾವ ಮಗುವೂ ಕಪ್ಪಾಗುವುದಿಲ್ಲ.

ರಾಗಿ ಸರಿ ಮಾಡುವಾಗ ಮೊಳಕೆ ಕಟ್ಟುವುದೇ ಮುಖ್ಯ. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಅಂಶ ಮೊಳಕೆಯಿಂದ ಕಡಿಮೆಯಾಗುತ್ತದೆ. ಜೊತೆಗೆ ಮೊಳಕೆ ಹಿಟ್ಟಿನ ಸರಿ ಬೇಗ ಗಂಟಾಗುವುದಿಲ್ಲ, ಆದ್ದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆ ಸೇರುತ್ತದೆ. ಹುರಿದ ಹೆಸರುಬೇಳೆ ಹಿಟ್ಟು, ಸ್ವಲ್ಪ ಕಡಲೆಕಾಯಿ ಪುಡಿ ಬೆರೆಸಬಹುದು. ಸರಿ ಚಮಚದಿಂದ ಸುರಿದು ಹೋಗಬಾರದು, ಚಮಚದ ಮೇಲೆ ನಿಲ್ಲುವಷ್ಟು ಗಟ್ಟಿ ಇರಬೇಕು.

ಎಷ್ಟು ಕೊಡಬೇಕು? 250 ಮಿ.ಲೀ. ಹಿಡಿಯುವ ಒಂದು ಬಟ್ಟಲು ಮಗುವಿಗೆಂದೇ ಇಡಿ. 6 ರಿಂದ 8 ತಿಂಗಳಿಗೆ ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ ಅರ್ಧ ಬಟ್ಟಲಿನವರೆಗೆ, ದಿನಕ್ಕೆ 2-3 ಸಲ. 9 ರಿಂದ 11 ತಿಂಗಳಿಗೆ ಅರ್ಧ ಬಟ್ಟಲು, 3-4 ಸಲ. ಒಂದು ವರ್ಷದಿಂದ ಎರಡು ವರ್ಷಕ್ಕೆ ಮುಕ್ಕಾಲರಿಂದ ಒಂದು ಬಟ್ಟಲು, 3-4 ಸಲ, ನಡುವೆ ಒಂದೆರಡು ಸಲ ಹಣ್ಣು, ಮೊಟ್ಟೆ. ಎರಡು ವರ್ಷದವರೆಗೆ ಎದೆಹಾಲೂ ಇರಲಿ.

6. ಬಾಣಂತಿಯ ಪಥ್ಯ ಮತ್ತು ಬಿ ಗುಂಪಿನ ಜೀವಸತ್ವ

ನಮ್ಮ ಕಡೆ ಬಾಣಂತಿಗೆ ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪು ತಂಪು, ಹಣ್ಣು ಶೀತ, ಕಾಳು ವಾಯು ಅಂತ ಎಲ್ಲ ಬೇಡ. ಕೂಸಿಗೆ ಹಾಲು ಬರುವುದು ಅದೇ ತಾಯಿಯ ಮೈಯಿಂದ. ಪಾಲಿಶ್ ಅಕ್ಕಿಯಲ್ಲಿ ತೌಡಿನ ಜೊತೆ ಬಿ1 (ಥಯಾಮಿನ್) ಹೊರಟುಹೋಗಿರುತ್ತದೆ. ಹೀಗೆ ಕಟ್ಟುನಿಟ್ಟಿನ ಪಥ್ಯದಲ್ಲಿದ್ದ ತಾಯಂದಿರ ಎದೆಹಾಲು ಕುಡಿಯುವ, ಕೆಲವೇ ತಿಂಗಳ ಕೂಸುಗಳು ಏದುಸಿರು ಬಿಡುತ್ತಾ, ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದನ್ನೂ, ಥಯಾಮಿನ್ ಕೊಟ್ಟಾಗ ಚೇತರಿಸಿಕೊಂಡದ್ದನ್ನೂ ನಮ್ಮ ರಾಜ್ಯದ ವೈದ್ಯರೇ ವರದಿ ಮಾಡಿದ್ದಾರೆ. ಕೂಸು ಹಾಲು ಬಿಟ್ಟು, ಧ್ವನಿ ಕ್ಷೀಣಿಸಿ, ವೇಗವಾಗಿ ಉಸಿರಾಡಿದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿಯ ಪಥ್ಯದ ವಿಷಯವನ್ನೂ ವೈದ್ಯರಿಗೆ ಹೇಳಿ.

ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಇವು ಯಾವುದನ್ನೂ ತಿನ್ನದ ತಾಯಿಯ ಕೂಸಿಗೆ ಬಿ12 ಕೊರತೆಯಾಗಿ, ಕಲಿತ ನಗು, ಆಟ ಮರೆಯುವುದು, ಕೈ ನಡುಗುವುದು ಆಗಬಹುದು. ಇದ್ದ ಹಾಲನ್ನೆಲ್ಲ ಡೈರಿಗೆ ಹಾಕಿ, ಬಾಣಂತಿಗೆ ಒಂದು ಲೋಟವೂ ಉಳಿಸದ ಮನೆಗಳು ನಮ್ಮಲ್ಲಿವೆ. ಮೊದಲು ಮನೆಗೆ ಒಂದು ಲೋಟ, ಉಳಿದದ್ದು ಡೈರಿಗೆ.

ಅತ್ತೆಯವರು ಕೇಳುವ ಪ್ರಶ್ನೆ

"ನಮ್ಮ ಕಾಲ್ದಲ್ಲಿ ಈ ಸಿರಪ್ಪು ಗಿರಪ್ಪು ಎಲ್ಲಿತ್ತವ್ವ? ನಾವು ಬೆಳೀಲಿಲ್ವಾ?" ಎಂದು ಹಿರಿಯರು ಕೇಳುತ್ತಾರೆ. ಅದಕ್ಕೆ ಮರ್ಯಾದೆಯಿಂದಲೇ ಉತ್ತರ ಕೊಡೋಣ: "ನಿಮ್ಮ ಕಾಲದಲ್ಲಿ ಮನೇಲಿ ರಾಗಿ ಇತ್ತು, ಬೆರಕೆ ಸೊಪ್ಪು ಇತ್ತು ಅತ್ತೆ. ಟೀ ಬನ್ನು, ಬಣ್ಣದ ಪ್ಯಾಕೆಟ್ ತಿಂಡಿ ಇರಲಿಲ್ಲ. ಆದರೆ ಅವಾಗ ಹುಟ್ಟಿದ ಮಕ್ಕಳೆಲ್ಲ ಉಳೀತಿದ್ವಾ ಹೇಳಿ." ಈ ಮಾತಿಗೆ ಎಷ್ಟೋ ಅಜ್ಜಿಯರು ಕಳಕೊಂಡ ಕೂಸನ್ನು ನೆನೆಯುತ್ತಾರೆ. ಹಿರಿಯರನ್ನು ಎದುರು ಹಾಕಿಕೊಂಡರೆ ಕೆಲಸ ಆಗುವುದಿಲ್ಲ. ಮಗುವಿಗೆ ಉಣಿಸುವವರು ಅವರೇ, ಆದ್ದರಿಂದ ಈ ಪಾಠ ಓದುವ ದಿನ ಅವರನ್ನೂ ಸಭೆಗೆ ಕರೆಯಿರಿ.

ಚಾಮರಾಜನಗರದ ಹಳ್ಳಿಗಳು ಕಲಿಸಿದ ಪಾಠ

ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ 55 ಹಳ್ಳಿಗಳಲ್ಲಿ ರಕ್ತಹೀನತೆ ಇದ್ದ 1 ರಿಂದ 5 ವರ್ಷದ ಮಕ್ಕಳ ಮೇಲೆ ಒಂದು ಅಧ್ಯಯನ ನಡೆದು, 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಲ್ಲ ಮಕ್ಕಳಿಗೂ ಕಬ್ಬಿಣಾಂಶದ ಔಷಧಿ ಕೊಟ್ಟರು. ಅರ್ಧದಷ್ಟು ಹಳ್ಳಿಗಳಲ್ಲಿ ಮಾತ್ರ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಮತ್ತೆ ಮತ್ತೆ ಮನೆಗೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡಿದರು. ಔಷಧಿ ಕೊಟ್ಟಿರಾ, ಊಟದಲ್ಲಿ ಏನಿತ್ತು, ಏನು ಕಷ್ಟ ಎಂದು ವಿಚಾರಿಸಿದರು. ಕೊನೆಗೆ ಬರೀ ಔಷಧಿ ಕೊಟ್ಟ ಹಳ್ಳಿಗಳಲ್ಲಿ 100ಕ್ಕೆ 41 ಮಕ್ಕಳು ಗುಣವಾದರೆ, ಮನೆಗೆ ಹೋಗಿ ಮಾತಾಡಿಸಿದ ಹಳ್ಳಿಗಳಲ್ಲಿ 100ಕ್ಕೆ 56 ಮಕ್ಕಳು ಗುಣವಾದರು.

ಔಷಧಿ ಎರಡೂ ಕಡೆ ಇತ್ತು. ವ್ಯತ್ಯಾಸ ಮಾಡಿದ್ದು ಬಾಗಿಲಿಗೆ ಬಂದು ವಿಚಾರಿಸಿದ ಒಬ್ಬ ಹೆಂಗಸು. ಈ ಕೆಲಸಕ್ಕೆ ಡಾಕ್ಟರು ಬೇಕಾಗಿಲ್ಲ. ಸಾಲದ ಕಂತು ತಪ್ಪಿದರೆ ನಾವು ಅವರ ಮನೆಗೆ ಹೋಗಿ ವಿಚಾರಿಸುತ್ತೇವಲ್ಲ? ಸಿರಪ್ ತಪ್ಪಿದರೆ ಯಾಕೆ ಹೋಗಬಾರದು?

ನಮ್ಮ ತಾಲ್ಲೂಕುಗಳಲ್ಲಿ ಸಿರಪ್ ತಪ್ಪುವ ಕಾಲ ಯಾವುದೆಂದು ನಮಗೆ ಗೊತ್ತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್‌ಗೆ ಹಾಕುವ ಕಾಲ. ಕೆ.ಆರ್. ನಗರದ ಕಡೆ ನಾಟಿ, ಕೊಯ್ಲಿನ ಕಾಲ. ಹಾಡಿಯವರು ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಕಾಲ. ಆ ದಿನಗಳಲ್ಲಿ ತಾಯಿ ಕತ್ತಲಲ್ಲಿ ಎದ್ದು ಹೋಗುತ್ತಾಳೆ, ಕೂಸನ್ನು ನೋಡಿಕೊಳ್ಳುವುದು ಎಂಟು ವರ್ಷದ ಅಕ್ಕ. ಇದು ತಾಯಿಯ ಅಲಕ್ಷ್ಯವಲ್ಲ, ಹೊಟ್ಟೆಪಾಡು. ಅದಕ್ಕೇ ಒಬ್ಬಳಿಂದ ಆಗದ್ದನ್ನು ಸಂಘ ಮಾಡಬೇಕು.

ನಮ್ಮ ಹಕ್ಕು ಕೇಳಿ ಪಡೆಯೋಣ

ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಕೊಡುವ 'ಮಾತೃಪೂರ್ಣ' ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ಬಂತು. ಅದಕ್ಕೂ ಮೊದಲು ಪ್ರಾಯೋಗಿಕವಾಗಿ ನಡೆದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಎಚ್.ಡಿ. ಕೋಟೆಯೂ ಒಂದು. 2013ರಲ್ಲಿ ಬಂದ 'ಕ್ಷೀರಭಾಗ್ಯ'ದ ಹಾಲು ಅಂಗನವಾಡಿ ಮಕ್ಕಳಿಗೂ ಇದೆ. 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಆಹಾರವನ್ನು ಆ ಮಗುವಿಗೇ ತಿನ್ನಿಸಿ, ಮನೆಮಂದಿಯೆಲ್ಲ ಹಂಚಿಕೊಂಡರೆ ಕೂಸಿಗೆ ಉಳಿಯುವುದು ಒಂದು ಚಮಚ. ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿಕೊಂಡಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಪೌಷ್ಟಿಕ ಪುನಶ್ಚೇತನ ಕೇಂದ್ರದ ಬಗ್ಗೆ ಕೇಳಿ.

ಸಂಘ ಏನು ಮಾಡಬಹುದು?

* ಸದಸ್ಯರ ಮನೆ ಹಾಗೂ ಅಕ್ಕಪಕ್ಕದ 5 ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಸಿರಪ್, ವಿಟಮಿನ್ ಎ, ಜಂತುಹುಳು ಮಾತ್ರೆ ಆಗಿದೆಯೇ ಎಂದು ಪಾಸ್‌ಬುಕ್ ನೋಡುವ ಹಾಗೆ ತಾಯಿ ಕಾರ್ಡ್ ನೋಡಿ.
* ವಾರದ ಸಭೆಯ ದಿನವೇ ಒಂದು ಸಿರಪ್ ದಿನವಾಗಲಿ. ಇನ್ನೊಂದು ದಿನವನ್ನು ಸಂಘವೇ ಗೊತ್ತು ಮಾಡಲಿ.
* ಕೊರತೆ ಇರುವ ಪ್ರತಿ ಮಗುವಿಗೆ ಒಬ್ಬ ಸದಸ್ಯೆ ಜವಾಬ್ದಾರಿ ತೆಗೆದುಕೊಂಡು, ತಿಂಗಳಿಗೊಮ್ಮೆಯಾದರೂ ಮನೆಗೆ ಹೋಗಿ ವಿಚಾರಿಸಲಿ. ಬೈಯುವುದಕ್ಕಲ್ಲ, ಕಷ್ಟ ಕೇಳುವುದಕ್ಕೆ.
* ನಾಲ್ಕೈದು ಮನೆಯವರು ಸೇರಿ ಮೊಳಕೆ ರಾಗಿ ಹಿಟ್ಟು ಒಟ್ಟಿಗೆ ಮಾಡಿಸಿ ಹಂಚಿಕೊಳ್ಳಿ.
* ಬಚ್ಚಲು ನೀರು ಹೋಗುವ ಕಡೆ ಒಂದು ಪರಂಗಿ, ಹಿತ್ತಲಲ್ಲಿ ಒಂದು ನುಗ್ಗೆ, ಬೇಲಿಗೆ ಸಿಹಿಕುಂಬಳದ ಬಳ್ಳಿ. ನಾಲ್ಕು ನಾಟಿ ಕೋಳಿ ಸಾಕಿದರೆ ಮೊದಲ ಮೊಟ್ಟೆ ಮಕ್ಕಳಿಗೆ, ಉಳಿದದ್ದು ಮಾರಾಟಕ್ಕೆ.
* ಅಂಗನವಾಡಿಯಲ್ಲಿ ಸಿರಪ್ ಇಲ್ಲ, ಮೊಟ್ಟೆ ಬಂದಿಲ್ಲ ಎಂದರೆ ಒಬ್ಬರೇ ಜಗಳಕ್ಕೆ ಹೋಗಬೇಡಿ. ಸಂಘದ ನಿರ್ಣಯ ಬರೆದು, ಸಹಿ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಕೊಡಿ.
* ಸಂಘದ ಪ್ರತಿ ಸದಸ್ಯೆಯೂ, ಹದಿಹರೆಯದ ಹೆಣ್ಣುಮಕ್ಕಳೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ನಾಳೆ ಹುಟ್ಟುವ ಕೂಸಿನ ಗಂಟು ಇವತ್ತಿನ ಹುಡುಗಿಯ ರಕ್ತದಲ್ಲಿದೆ.

ಸಭೆಯಲ್ಲಿ ಚರ್ಚಿಸಿ

1. ನಿನ್ನೆ ನಮ್ಮ ಮನೆಯ ಕೂಸು ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿತು? ಅದರಲ್ಲಿ ಸೊಪ್ಪು, ಕಾಳು, ಮೊಟ್ಟೆ, ಹಣ್ಣು ಎಷ್ಟಿತ್ತು?
2. ಸಿರಪ್ ಬಾಟಲಿ ಮನೆಯಲ್ಲಿ ಎಲ್ಲಿದೆ? ಎಷ್ಟು ಖಾಲಿಯಾಗಿದೆ?
3. ನಮ್ಮೂರಲ್ಲಿ ಬಾಣಂತಿಗೆ ಏನೇನು ಕೊಡುವುದಿಲ್ಲ? ಅದರಲ್ಲಿ ಯಾವುದನ್ನು ಈ ವರ್ಷವೇ ಬದಲಾಯಿಸಬಹುದು?
4. ನಮ್ಮ ಬೀದಿಯಲ್ಲಿ "ಸಾಧು ಮಗ" ಅನ್ನಿಸಿಕೊಂಡ ಕೂಸು ಯಾವುದು? ಅದನ್ನು ಪರೀಕ್ಷೆಗೆ ಯಾರು ಕರೆದೊಯ್ಯುತ್ತೀರಿ?

ಶುಭಸಂದೇಶದಲ್ಲಿ ಯೇಸುಸ್ವಾಮಿ ಹನ್ನೆರಡು ವರ್ಷದ ಒಬ್ಬ ಬಾಲಕಿಯನ್ನು ಬದುಕಿಸಿ ಎಬ್ಬಿಸಿದ ಪ್ರಸಂಗವಿದೆ. ಎಲ್ಲರೂ ಬೆರಗಾಗಿ ನಿಂತಿದ್ದಾಗ, ಆ ಮಗುವಿಗೆ ಏನಾದರೂ ಉಣ್ಣಲು ಕೊಡಬೇಕೆಂದು ಅವರು ನೆನಪಿಸಿದರು. ನಾವು ಯಾವ ದೇವರನ್ನು ಪೂಜಿಸುವವರಾದರೂ ಈ ಮಾತು ನಮ್ಮೆಲ್ಲರಿಗೂ ಸೇರಿದ್ದು. ಈ ವಾರದ ಸಭೆಯಲ್ಲಿ ಮಕ್ಕಳ ಪಟ್ಟಿ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳು ಬಿಟ್ಟು ಅದೇ ಪಟ್ಟಿ ತೆಗೆದು, ಯಾವ ಯಾವ ಕೂಸಿನ ಮುಖ ಕೆಂಪೇರಿದೆ, ಯಾವ ಮನೆಗೆ ಇನ್ನೂ ಹೋಗಬೇಕು ಎಂದು ನೋಡಿಕೊಳ್ಳೋಣ.